ಅಳಿಸಲು ಅಪ್ಪಣೆ ಕೊಟ್ಟವನು

ವೈಸನ್ ಗಂಬಾತುಲಾ ಸತ್ತದ್ದು ಐವತ್ತೊಂದಕ್ಕೆ, ಮಲೇರಿಯಾದಿಂದ. ಮಲಾವಿಯ ಒಂದು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ದೊಡ್ಡ ಹುದ್ದೆಯಲ್ಲ. ಜೇಬಿನಲ್ಲಿ ಯಾವಾಗಲೂ ಒಂದು ಸ್ಕ್ರೂಡ್ರೈವರ್. ಅದರಿಂದ ಒಂದು ಅಂಗಿಯೂ ನೆಟ್ಟಗೆ ಉಳಿಯಲಿಲ್ಲ.

ಅಲ್ಲಿನ ಕಂಪ್ಯೂಟರುಗಳೆಲ್ಲ ಹೊರದೇಶದವರು ಬಳಸಿ ಬಿಟ್ಟವು. ಬಂದ ಒಂದೊಂದಕ್ಕೂ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಬೇಕು, ವಿಶ್ವವಿದ್ಯಾಲಯದ ಜಾಲಕ್ಕೆ ಸೇರಿಸಬೇಕು, ಪ್ರಿಂಟರ್ ಹೊಂದಿಸಬೇಕು. ಒಂದಕ್ಕೆ ಅರ್ಧ ದಿನ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಆರುನೂರು ಕಂಪ್ಯೂಟರಿಗೆ ಅವನೊಬ್ಬ.

ಅದಕ್ಕೇ ಬೇಕಾದ್ದನ್ನೆಲ್ಲ ಸೇರಿಸಿ ತನ್ನ ಕೋಣೆಯ ಒಂದು ಯಂತ್ರದಲ್ಲಿ ಇಟ್ಟ. ಜಾಲದ ತಂತಿ ಚುಚ್ಚಿದರೆ ಸಾಕು, ಎಲ್ಲ ಅಲ್ಲಿಂದಲೇ ಇಳಿದು ಬರಬೇಕು. ಯಾರು ಬೇಕಾದರೂ ತಾವೇ ಹಾಕಿಕೊಳ್ಳಬೇಕು. ಆದರೆ ಅದು ಇಪ್ಪತ್ತೆರಡು ಪ್ರಶ್ನೆ ಕೇಳುತ್ತಿತ್ತು. ಅವನು ಅವನ್ನು ಹಾಳೆಯಲ್ಲಿ ಬರೆದು ತಂದು, ಒಲೆಯ ಮುಂದೆ ನ್ಸಿಮಾ, ಜೋಳದ ಹಿಟ್ಟಿನ ಮುದ್ದೆ, ತೊಳಸುತ್ತಿದ್ದ ಹೆಂಡತಿಗೆ ಓದಿ ಹೇಳಿದ. ಅವಳು ಐದನೇ ತರಗತಿ ಓದಿದವಳು.

“ಇಷ್ಟೊಂದು ಕೇಳೋಕೆ ಅದೇನು ಮದುವೆ ಮಾತಿಗೆ ಬಂದಿರೋ ಸೋದರಮಾವನಾ?” ಅಂದಳು.

“ನಿಂಗೆ ತಿಳೀದೇ ಇರೋದನ್ನೆಲ್ಲ ಹೊಡೆದು ಹಾಕ್ತೀನಿ. ಹೇಳು.”

ಎರಡು ವರ್ಷ ಹಿಡಿಯಿತು. ಕೊನೆಗೆ ಎರಡೇ ಪ್ರಶ್ನೆ ಉಳಿದವು. ನಿಮ್ಮ ಹೆಸರೇನು? ಇದರಲ್ಲಿರುವ ಹಳೆಯದನ್ನೆಲ್ಲ ಅಳಿಸಲೇ? ಎರಡನೆಯದನ್ನು ಅವನು ಬಿಡಲು ಒಪ್ಪಲಿಲ್ಲ. ಅಳಿಸಿದ್ದು ಮತ್ತೆ ಬರುವುದಿಲ್ಲ.

ನಿರ್ದೇಶಕ ಡಾಕ್ಟರ್ ಕಮ್ವೆಂದೋಗೆ ನಂಬಿಕೆಯಿರಲಿಲ್ಲ. “ನೀನು ಕೈ ಹಚ್ಚದೆ ಇದು ನಡೆಯುತ್ತೆ ಅಂತ ಶುಕ್ರವಾರ ತೋರಿಸು. ಇಲ್ದಿದ್ರೆ ಇದನ್ನ ಮುಚ್ಚಿಟ್ಟು ಹಳೇ ಥರಾನೇ ಓಡಾಡು” ಎಂದರು.

ಪರೀಕ್ಷೆಗೆ ಕೂರಿಸಿದ್ದು ಎಲ್ಲರೂ ಮಾಯಿ, ಅಂದರೆ ಅಮ್ಮ, ಎಂದು ಕರೆಯುತ್ತಿದ್ದ ಸಿಂಬೋತಾರನ್ನು. ದಾಖಲಾತಿ ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ಟೈಪು ಮಾಡಿದ ಹೆಂಗಸು. ವೈಸನ್ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿ ನಿಂತಿರಬೇಕು. ಮಾಯಿ ತಮ್ಮ ಹೆಸರು ಟೈಪು ಮಾಡಿದರು. ಎರಡನೆಯ ಪ್ರಶ್ನೆ ಬಂತು. ಕೈ ತೆಗೆದು ಕುರ್ಚಿ ಹಿಂದೆ ತಳ್ಳಿದರು.

“ಏನಾಯ್ತು ಮಾಯಿ?” ಎಂದರು ನಿರ್ದೇಶಕರು.

“ಅಳಿಸ್ಲಾ ಅಂತಿದೆ, ಬ್ವಾನಾ.”

“ಹೌದು ಅನ್ನಿ.”

“ಹೌದು ಅನ್ನೋಕೆ ನಾನ್ಯಾರು? ಈ ಕಚೇರೀಲಿ ಒಂದು ಹಾಳೆ ಹರಿಯೋಕೂ ಸಹಿ ಮಾಡಿದ ಪತ್ರ ಬೇಕು. ಪತ್ರ ಎಲ್ಲಿ?”

“ಅಯ್ಯೋ, ಅದು ಖಾಲಿ ಡಬ್ಬ.”

“ಖಾಲಿ ಅಂತ ಬರೆದು ಸಹಿ ಹಾಕ್ಕೊಡಿ. ನಿಮ್ಮ ಹಿಂದಿನ ನಿರ್ದೇಶಕರು ಹರೀರಿ ಅಂತ ಬಾಯಲ್ಲೇ ಹೇಳಿದ್ರು. ನಾನು ಮೂರು ತಿಂಗಳು ಸಂಬಳ ಇಲ್ದೆ ಮನೇಲಿ ಕೂತೆ.”

ನಿರ್ದೇಶಕರು ಪೆನ್ನು ಮುಟ್ಟಲಿಲ್ಲ. “ಅಂಥ ಸಹಿ ಮೇಲಿನವರು ಹಾಕ್ಬೇಕು” ಎಂದರು. ಯಾರೋ ಕಿಸಕ್ಕೆಂದರು. ನಿರ್ದೇಶಕರು ವೈಸನ್ ಕಡೆ ತಿರುಗಿದರು. “ನೋಡಿದ್ಯಾ? ನಡೆಯಲ್ಲ ಇದು.”

ವೈಸನ್ ಪ್ರಶ್ನೆ ಕಮ್ಮಿ ಮಾಡಿದ್ದ. ಉತ್ತರ ಕೊಟ್ಟವರ ಗತಿ ಏನೆಂದು ಯೋಚಿಸಿರಲಿಲ್ಲ. ಮನೆಯಲ್ಲಿ ಹೆಂಡತಿಗೆ ಸಹಿಯ ಭಯವಿರಲಿಲ್ಲವಲ್ಲ.

“ಅರ್ಧ ಗಂಟೆ ಕೊಡಿ, ಬ್ವಾನಾ” ಎಂದು ತನ್ನ ಕೋಣೆಗೆ ಹೋದ. ತಿರುಗಿ ಬಂದು ಮಾಯಿಗೆ ಕಂಪ್ಯೂಟರನ್ನು ಮತ್ತೆ ಹಚ್ಚಲು ಹೇಳಿದ. ಈ ಸಲ ಎರಡನೆಯ ಪ್ರಶ್ನೆಯ ಮೇಲೆ ಎರಡು ಸಾಲು ಹೆಚ್ಚಿಗೆ ಇದ್ದವು. ಅಳಿಸಲು ಅಪ್ಪಣೆ ಕೊಟ್ಟವನು ವೈಸನ್ ಗಂಬಾತುಲಾ. ಏನು ಹೋದರೂ ಹೊಣೆ ನನ್ನದು. ಕೆಳಗೆ ಅವನ ಫೋನ್ ನಂಬರು.

ಮಾಯಿ ಎರಡು ಸಲ ಓದಿದರು. ನಂಬರನ್ನು ಪುಸ್ತಕದಲ್ಲಿ ಬರೆದುಕೊಂಡರು.

“ನಿನ್ ಅನ್ನಕ್ಕೆ ನೀನೇ ಕಲ್ಲು ಹಾಕ್ಕೋತಿದೀಯ ಕಣಪ್ಪಾ.”

“ಕೆಲಸ ಹೋದ್ರೆ ನಿಮ್ಮನೇಲಿ ಮಂದಾಸಿ ಬೋಂಡಾ ಕರೀತಾ ಇರ್ತೀನಿ, ಮಾಯಿ.”

“ಎಣ್ಣೆ ನಿಮ್ಮಪ್ಪ ತರ್ತಾನಾ?” ಎಂದು ಗುಂಡಿ ಒತ್ತಿದರು.

ಹತ್ತೊಂಬತ್ತು ನಿಮಿಷ. ಕರೆಂಟು ಹೋಗಲಿಲ್ಲ. ಪ್ರಿಂಟರಿನಿಂದ ಹಾಳೆ ಬಂತು. ನಿರ್ದೇಶಕರು ಆ ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೋದರು. ಸೋಮವಾರದಿಂದ ಜನ ತಾವೇ ಹಾಕಿಕೊಳ್ಳತೊಡಗಿದರು.

ಎಂಟು ವರ್ಷದಲ್ಲಿ ನಾಲ್ಕು ಸಲ ಕೆಟ್ಟ ಫೋನು ಬಂತು. ಒಬ್ಬ ಉಪನ್ಯಾಸಕ ಪ್ರತಿ ಇಟ್ಟುಕೊಳ್ಳದೆ ಗುಂಡಿ ಒತ್ತಿದ್ದ. ಅವನ ನಾಲ್ಕು ವರ್ಷದ ಸಂಶೋಧನೆ ಹೋಯಿತು. ಎಲ್ಲರೆದುರು ವೈಸನ್‌ಗೆ ಬೈದ. ವೈಸನ್ ಬೈಸಿಕೊಂಡು ನಿಂತ. ಅವನ ಬಡ್ತಿ ನಿಂತಿತು.

“ಆ ಹೆಸರು ಕಿತ್ತು ಬಿಸಾಕಿ” ಅಂದಳು ಹೆಂಡತಿ.

“ಕಿತ್ರೆ ಯಾರೂ ಒತ್ತಲ್ಲ ಕಣೇ.”

ಅವನು ಕೀಳಲಿಲ್ಲ. ಅವನು ಸತ್ತ ಮೇಲೂ ಅದು ಹಾಗೇ ಇದೆ. ಫೋನು ಈಗಲೂ ಬರುತ್ತದೆ. ಹೆಂಡತಿ ಎತ್ತುತ್ತಾಳೆ.

“ಅವರಿಲ್ಲ” ಅನ್ನುತ್ತಾಳೆ. “ಏನ್ ಹೋಯ್ತು, ಹೇಳಿ.”