ಶಾನ್ಶಿಗೆ ಹೋದ ಗುಬ್ಬಿಯ ಹುಣಸೆಹಣ್ಣು

ಮದುವೆಯಾದಾಗಿನಿಂದ ನನ್ನ ಸಾರಿನಲ್ಲಿ ತಪ್ಪು ಹುಡುಕದೆ ನಮ್ಮ ಯಜಮಾನರು ಒಂದು ಹೊತ್ತೂ ಉಂಡವರಲ್ಲ. ಉಪ್ಪು ಒಂದು ಚಿಟಿಕೆ ಕಮ್ಮಿಯಾದರೆ ಸಾಕು, "ಇದು ಸಾರೋ, ಪಾತ್ರೆ ತೊಳೆದ ನೀರೋ?" ಎನ್ನುವರು. ಹುಣಸೆಹಣ್ಣು ಗುಬ್ಬಿಯ ನನ್ನ ತವರಿನದೋ, ಅಂಗಡಿಯದೋ ಎಂದು ವಾಸನೆಯಲ್ಲೇ ಹೇಳುತ್ತಿದ್ದರು. ನಾನೇನು ಕಮ್ಮಿಯಿಲ್ಲ. "ನಾಳೆಯಿಂದ ನೀವೇ ಮಾಡ್ಕೊಳ್ರಿ" ಎಂದು ಸೌಟು ಕುಕ್ಕಿ ಒಳಗೆ ಹೋಗುತ್ತಿದ್ದೆ. ತುಮಕೂರಿನ ಸದಾಶಿವನಗರದ ನಮ್ಮ ಅಕ್ಕಪಕ್ಕದವರಿಗೆ ಊಟದ ಹೊತ್ತಾಯಿತೆಂದು ತಿಳಿಯುತ್ತಿದ್ದುದೇ ನಮ್ಮ ಜಗಳದಿಂದ.

ಕೊರೊನಾ ಬಂತು. ಹೋಗುವಾಗ ಅವರ ಮೂಗಿನ ವಾಸನೆ, ನಾಲಿಗೆಯ ರುಚಿ ಎರಡನ್ನೂ ಹೊತ್ತುಕೊಂಡು ಹೋಯಿತು. ಬೇರೆಯವರಿಗೆಲ್ಲ ಒಂದೆರಡು ತಿಂಗಳಲ್ಲಿ ವಾಪಸು ಬಂತು, ಇವರಿಗೆ ಬರಲೇ ಇಲ್ಲ. ಡಾಕ್ಟರು "ಬಂದರೂ ಬರಬಹುದು" ಎಂದು ಕೈತೊಳೆದುಕೊಂಡರು. ಆಮೇಲೆ ಇವರು ತಟ್ಟೆಗೆ ಬಿದ್ದದ್ದನ್ನು ಉಂಡು, "ಚೆನ್ನಾಗಿದೆ" ಎಂದು ಏಳತೊಡಗಿದರು. ಒಮ್ಮೆ ಬೇಕೆಂದೇ ಉಪ್ಪಿಲ್ಲದ ಸಾರು ಬಡಿಸಿದೆ. ಎರಡು ಸಲ ಹಾಕಿಸಿಕೊಂಡು "ಚೆನ್ನಾಗಿದೆ" ಎಂದರು. ಅವತ್ತು ಬಚ್ಚಲಿಗೆ ಹೋಗಿ ಅತ್ತೆ. ಆ ಒಂದು ಮಾತು ಕೇಳಿ ಕೇಳಿ ನನಗೆ ಒಲೆ ಹಚ್ಚುವುದೇ ಬೇಡವಾಗಿತ್ತು.

ನಮ್ಮ ಮಗಳು ಉತ್ತರ ಚೀನಾದ ಶಾನ್ಶಿ ಪ್ರಾಂತ್ಯದ ತೈಯುವಾನ್ ನಗರದಲ್ಲಿ ಯೋಗ ಕಲಿಸುತ್ತಾಳೆ. ಹೋದ ವರ್ಷ ದಸರಾ ಸಮಯಕ್ಕೆ ನಮ್ಮನ್ನು ಕರೆಸಿಕೊಂಡಳು. ಇವರು ಚರಿತ್ರೆ ಮೇಷ್ಟ್ರಾಗಿ ನಿವೃತ್ತರಾದವರು. ಚೀನಾ ಎಂದರೆ ಸಾಕು, ಹದಿನೈದು ದಿನ ಮುಂಚೆಯೇ ಶೂ ಪಾಲಿಶ್ ಮಾಡಿ ಇಟ್ಟುಕೊಂಡರು. ನಾನು ಸೀರೆಗಳ ನಡುವೆ ತವರಿನ ಹುಣಸೆಹಣ್ಣಿನ ಒಂದು ಉಂಡೆ ಇಟ್ಟುಕೊಂಡೆ. ಅದಿಲ್ಲದೆ ಹದಿನೈದು ದಿನ ಹೇಗೆ ಬದುಕುವುದು?

ಶಾನ್ಶಿಯ ಮಣ್ಣು ಹಳದಿ. ಗುಡ್ಡದ ಮೈಗೆ ಮೆಟ್ಟಿಲು ಕಡಿದು ಹೊಲ ಮಾಡಿದ್ದಾರೆ, ಅದೇ ಗುಡ್ಡ ಕೊರೆದು ಮನೆಯನ್ನೂ ಮಾಡಿಕೊಂಡಿದ್ದಾರೆ. ಒಂದು ಅಂಗಳದಲ್ಲಿ ಒಣಗಲು ಹರಡಿದ್ದ ತೆನೆ ಕೈಗೆತ್ತಿಕೊಂಡು ನೋಡುತ್ತೇನೆ, ನಮ್ಮ ನವಣೆ! ನೆಂಟರು ಸಿಕ್ಕಷ್ಟು ಖುಷಿಯಾಯಿತು. ಪಿಂಗ್ಯಾವ್ ಎಂಬ ಹಳೆಯ ಊರಿನ ಕೋಟೆಗೋಡೆಯ ಮೇಲಂತೂ ಇವರು ಹುಡುಗನ ಹಾಗೆ ನಡೆದರು. ಇವರು ಹುಟ್ಟಿದ್ದು ಕುಣಿಗಲ್ ಕಡೆ, ಹುತ್ರಿದುರ್ಗದ ಬೆಟ್ಟದ ಬುಡದಲ್ಲಿ.

"ನಮ್ ದುರ್ಗದ ಕೋಟೇನೂ ಹಿಂಗೇ ಇಟ್ಕೊಂಡಿದ್ರೆ, ಇವ್ರೆಲ್ಲಾ ಅಲ್ಲಿಗ್ ಬರೋರು ಕಣೇ" ಎಂದರು.

ಆದರೆ ಊಟಕ್ಕೆ ಕೂತರೆ ಅದೇ ಹಾಡು. ಆ ಊರಲ್ಲಿ ಹಿಟ್ಟಿನಿಂದ ಮಾಡುವ ಬಗೆಗಳಿಗೆ ಲೆಕ್ಕವಿಲ್ಲ: ಎಳೆದದ್ದು, ಹೆರೆದದ್ದು, ಬೆರಳಲ್ಲಿ ಒತ್ತಿ ಆವಿಯಲ್ಲಿ ಬೇಯಿಸಿದ್ದು. ಪ್ರತಿ ಮೇಜಿನ ಮೇಲೂ ಕಪ್ಪು ವಿನೆಗರ್ ತುಂಬಿದ ಕೂಜ. ಜನ ನಾವು ತುಪ್ಪ ಸುರಿದುಕೊಂಡ ಹಾಗೆ ಅದನ್ನು ಸುರಿದುಕೊಳ್ಳುತ್ತಾರೆ. ಇವರು ಎಲ್ಲವನ್ನೂ ತಿಂದು "ಚೆನ್ನಾಗಿದೆ" ಎಂದರು. ನನಗೆ ಕೂಜ ಎತ್ತಿ ಒಗೆಯುವಷ್ಟು ಸಿಟ್ಟು ಬಂತು.

ಹೊರಡುವ ಹಿಂದಿನ ದಿನ ಮಗಳು ವಿನೆಗರ್ ಮಾಡುವ ಒಂದು ಮನೆಗೆ ಕರೆದುಕೊಂಡು ಹೋದಳು. ಅಂಗಳದ ತುಂಬ ಸೊಂಟದೆತ್ತರದ ಜಾಡಿಗಳು. ಜೋಳ ಹುಳಿಸಿ ಇಳಿಸಿದ ರಸವನ್ನು ಬೇಸಿಗೆಯ ಬಿಸಿಲಿಗೆ ಬಿಡುತ್ತಾರಂತೆ, ಚಳಿಗಾಲದಲ್ಲಿ ಮೇಲೆ ಕಟ್ಟಿದ ಮಂಜುಗಡ್ಡೆ ತೆಗೆದು ಬಿಸಾಡುತ್ತಾರಂತೆ. ಹೀಗೆ ವರ್ಷಗಟ್ಟಲೆ ನೀರು ಹೋಗಿ ಹುಳಿ ಉಳಿಯುತ್ತದೆ. ಮನೆಯೊಡತಿ ನನ್ನ ವಯಸ್ಸಿನವರು. ಹುಳಿಯ ವಿಷಯದಲ್ಲಿ ಅವರ ಜಂಬ ಕಂಡು ನನಗೆ ಸುಮ್ಮನಿರಲಾಗಲಿಲ್ಲ. ಬ್ಯಾಗಿನಿಂದ ಹುಣಸೆಹಣ್ಣು ತೆಗೆದು ಒಂದು ಚೂರು ಅವರ ಕೈಗಿಟ್ಟೆ. ಬಾಯಿಗೆ ಹಾಕಿಕೊಂಡರು. ಒಂದು ಕಣ್ಣು ಮುಚ್ಚಿತು, ಭುಜ ಕಿವಿಗೆ ತಾಗಿತು, ತೊಡೆ ತಟ್ಟಿಕೊಂಡು ನಕ್ಕರು. ಅದಕ್ಕೆ ಮಗಳು ಅನುವಾದ ಮಾಡಬೇಕಾಗಿರಲಿಲ್ಲ.

ಅವರೂ ಸೋಲುವವರಲ್ಲ. ಮೂಲೆಯ ಹಳೇ ಜಾಡಿಯಿಂದ ಎರಡು ಬಟ್ಟಲು ತಂದುಕೊಟ್ಟರು. ಒಂದು ಗುಟುಕಿಗೇ ನನ್ನ ಹಲ್ಲು ಜುಮ್ಮೆಂದವು. ಇವರು ಕಷಾಯ ಕುಡಿದ ಹಾಗೆ ಗಂಟಲಿಗೆ ಸುರಿದುಕೊಂಡು ಕೆಮ್ಮಿದರು. ಆಮೇಲೆ ತುಟಿ ನೆಕ್ಕಿಕೊಂಡರು. ಬಟ್ಟಲು ಮತ್ತೆ ಮುಂದೆ ಹಿಡಿದು, ಎರಡನೆಯ ಸಲ ನಿಧಾನವಾಗಿ ಕುಡಿದರು.

"ಹುಳಿ ಐತೆ ಕಣೇ."

"ವಿನೆಗರ್ ಹುಳಿ ಇರ್ದೆ ಸಿಹಿ ಇರುತ್ತೇನ್ರೀ?" ಎಂದು ರೇಗಿದವಳು ಅಲ್ಲೇ ನಿಂತೆ. "ಯಾರ್ ಹೇಳಿದ್ರು ನಿಮ್ಗೆ?"

"ನಾಲ್ಗೆ ಹೇಳ್ತು."

ಹುಣಸೆಹಣ್ಣು ಕೊಟ್ಟೆ. ಚೀಪಿ, "ಇದು ಬೇರೆ ಹುಳಿ" ಎಂದರು. ನಾನು, ಮಗಳು, ಇವರು, ಮೂವರೂ ಅಳುತ್ತಾ ನಗುತ್ತಿದ್ದುದನ್ನು ಕಂಡು, ತಮ್ಮ ವಿನೆಗರ್ ಘಾಟಾಯಿತೆಂದುಕೊಂಡು ಆ ತಾಯಿ ಬಿಸಿನೀರು ತರಲು ಓಡಿದರು.

ಮಧ್ಯಾಹ್ನ ಉಪ್ಪು ಹೇಗಿದೆ ಎಂದು ಕೇಳಿದೆ. "ಗೊತ್ತಾಗ್ತಿಲ್ಲ" ಎಂದರು. ತುಮಕೂರಿಗೆ ಬಂದ ಮೇಲೂ ಹಾಗೆಯೇ. ಹುಳಿ ಒಂದು ಬಿಟ್ಟರೆ ಉಳಿದದ್ದೆಲ್ಲ ಸಪ್ಪೆ. ಬಂದದ್ದು ಇಷ್ಟೇ ಇರಬಹುದು, ಇಷ್ಟಾದರೂ ಬಂತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನವೇನೂ ಆಗಲಿಲ್ಲ.

ಸುಮಾರು ಒಂದು ತಿಂಗಳ ಮೇಲೆ ಒಂದು ಮಧ್ಯಾಹ್ನ ಮುದ್ದೆ, ಬಸ್ಸಾರು ಮಾಡಿದೆ. ಸಾರಿಗೆ ಉಪ್ಪು ಹಾಕಲಿಲ್ಲ. ಬಡಿಸಿ, ಏನೂ ಅರಿಯದವಳ ಹಾಗೆ ನಿಂತೆ. ಮುದ್ದೆ ಮುರಿದು, ಅದ್ದಿ, ನುಂಗಿದರು. ಎರಡನೇ ತುತ್ತು ಅರ್ಧಕ್ಕೆ ನಿಂತಿತು. ತಲೆಯೆತ್ತಿ ನನ್ನನ್ನೇ ನೋಡಿದರು.

"ಇದು ಸಾರೋ, ಪಾತ್ರೆ ತೊಳೆದ ನೀರೋ?"

ಅಳು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಹಳೆಯ ಸಿಟ್ಟು, ಅದೂ ಬಡ್ಡಿ ಸಮೇತ. "ನಾಳೆಯಿಂದ ನೀವೇ ಮಾಡ್ಕೊಳ್ರಿ!" ಎಂದು ಸೌಟು ಕುಕ್ಕಿದೆ. ಅವರು ದನಿಯೇರಿಸಿದರು, ನಾನೂ ಏರಿಸಿದೆ. ಒಳಗೆ ಹೋಗಿ ಉಪ್ಪಿನ ಡಬ್ಬಿ ಎದೆಗವಚಿಕೊಂಡು ನಗುತ್ತಾ ನಿಂತಿದ್ದಾಗ, ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯಾಕೆಯ ಕೂಗು ಕೇಳಿಸಿತು:

"ಏನ್ರೀ ಅಕ್ಕ, ಊಟಕ್ ಕೂತ್ರಾ?"