ಏನು ತಿಂತೀರಾ ಎಂದು ಕೇಳುವ ಊರಿನಲ್ಲಿ

ನಮ್ಮ ಕೊಪ್ಪಳದ ಕಡೆ ಹೊಸಿಲಿಗೆ ಬಂದವರನ್ನು "ಊಟ ಆತೇನ್ರಿ?" ಎಂದು ಕೇಳುತ್ತಾರೆ. ಚಾಮರಾಜಪೇಟೆಯಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ಚಪ್ಪಲಿ ಬಿಡುವ ಮೊದಲೇ ಮನೆಯ ಓನರಮ್ಮ, "ಏನು ತಿಂತೀರಾ?" ಎಂದರು. ತಂಗಿ ಗಿರಿಜಾ ನನ್ನ ಬೆನ್ನ ಹಿಂದೆ ಸರಿದಳು. "ಅನ್ನ, ಸಾರು, ರೊಟ್ಟಿ" ಎಂದೆ. ಬೀಗದ ಕೈ ಸಿಕ್ಕಿತು.

ನಾವು ಬಂದದ್ದೇ ಗಿರಿಜಾಳ ಚಿಕಿತ್ಸೆಗೆ. ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದವಳನ್ನು ಊರವರು ಮೈಗಳ್ಳಿ ಎಂದರು, ಗಾಳಿ ಸೋಕಿದೆ ಎಂದರು. ಅವ್ವ ಸೋಮವಾರ, ಶನಿವಾರ ಉಪವಾಸ ಹಿಡಿಸಿದಳು. ಮೊದಲೇ ಉಣ್ಣದವಳು ಕಡ್ಡಿಯಾದಳು. ಇಲ್ಲಿನ ಮನೋವೈದ್ಯರೂ ಅದನ್ನೇ ಕೇಳಿದರು, "ಏನು ತಿಂತೀಯಮ್ಮ?" ಆಮೇಲೆ ನನ್ನತ್ತ ತಿರುಗಿ, "ಬರೀ ಮಾತ್ರೆ ಸಾಲಲ್ಲ. ಹೊಟ್ಟೆ ಖಾಲಿ ಇಟ್ಕೊಂಡು ಮನಸ್ಸು ಹೇಗೆ ಚೇತರಿಸ್ಕೊಳ್ಳತ್ತೆ? ಕಾಳು, ಸೊಪ್ಪು, ಮೊಟ್ಟೆ ಕೊಡಿ. ಇಂಥದ್ದು ಬೇಕು ಅಂತ ಅವಳೇ ಬಾಯ್ಬಿಟ್ಟು ಕೇಳಿದ ದಿನ ನಂಗೂ ತಿಳಿಸಿ" ಎಂದರು.

ನಾನು ಕಾಟನ್‌ಪೇಟೆಯ ಸಗಟು ಅಂಗಡಿಗೆ ಕೆಲಸಕ್ಕೆ ಹೋದಾಗ ಓನರಮ್ಮನೇ ಅವಳನ್ನು ನೋಡಿಕೊಳ್ಳುತ್ತಿದ್ದರು. ಗೊಜ್ಜವಲಕ್ಕಿ ತಂದುಕೊಡುತ್ತಿದ್ದರು. ಕೆಟ್ಟವರಾಗಿದ್ದರೆ ದ್ವೇಷಿಸುವುದಾದರೂ ಸುಲಭವಾಗುತ್ತಿತ್ತು. "ಮನಸ್ಸು ಸರಿ ಇಲ್ದೋರಿಗೆ ಸಾತ್ವಿಕ ಆಹಾರ ಕೊಡ್ಬೇಕು ಕಣ್ರೀ. ಬೆಳ್ಳುಳ್ಳಿನೂ ಬಿಟ್ಬಿಡಿ" ಎನ್ನುತ್ತಿದ್ದರು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಅವರ ನಾಲಿಗೆಯ ತುದಿಯಲ್ಲೇ ಇತ್ತು. ಬಲ್ಲವನಿಗೆ ಸ್ವಂತ ಅಡುಗೆಮನೆಯೂ ಬೇಕು ಎಂದು ಗಾದೆ ಹೇಳುವುದಿಲ್ಲ.

ಒಂದು ಭಾನುವಾರ ಗಿರಿಜಾ ತಾನಾಗಿ ಎದ್ದು ಬಂದಳು. "ಅಕ್ಕಾ, ತತ್ತಿ ಪಲ್ಯ ಮಾಡ್ತಿ? ರೊಟ್ಟಿ ಜೋಡಿ ತಿನ್ಬೇಕನಸಾಕತ್ತೈತಿ." ನಮ್ಮ ಕಡೆ ಮೊಟ್ಟೆಗೆ ತತ್ತಿ ಎನ್ನುತ್ತೇವೆ. ಅಕ್ಕಿಪೇಟೆಯವರೆಗೆ ಹೋಗಿ ತಂದೆ. ಕಿಟಕಿ ಮುಚ್ಚಿ ಬೇಯಿಸಿದೆ. ಅವಳು ಇನ್ನೊಂದು ರೊಟ್ಟಿ ಕೇಳಿದಾಗ ಖುಷಿಗೆ ಎರಡು ಬಡಿಸಿದೆ.

ವಾಸನೆಗೆ ಕಿಟಕಿ ಯಾವ ಲೆಕ್ಕ. ಬಾಗಿಲು ಬಡಿದ ಓನರಮ್ಮ ದನಿ ಏರಿಸಲಿಲ್ಲ. "ನಿಮ್ಮ ತಂಗಿ ಅಂದ್ರೆ ನಂಗೂ ಇಷ್ಟಾನೇ. ಆದ್ರೆ ನಮ್ಮನೇಲಿ ಇದೆಲ್ಲ ಆಗಲ್ಲ. ಬೇರೆ ಮನೆ ನೋಡ್ಕೊಳ್ಳಿ."

ಡಾಕ್ಟರು ಹೇಳಿದ್ದಾರೆ ಎಂದು ನಾನು ವಿವರಿಸುತ್ತಿದ್ದೆ. ಗಿರಿಜಾ ಎಂಜಲು ಕೈಯಲ್ಲೇ ಎದ್ದು ಬಂದಳು. "ಮನಿ ಬಿಡಸಬ್ಯಾಡ್ರಿ ಅಮ್ಮಾ. ಇನ್ನ ಮಾಡಂಗಿಲ್ಲ. ನನಗೇನು ಹಸಿವಿಲ್ರಿ."

ಓನರಮ್ಮ ಕರಗಿದರು. ಆದರೆ ನನಗೆ ಅಲ್ಲಿರಲು ಮನಸ್ಸಿಲ್ಲ. ತ್ಯಾಗರಾಜನಗರದವರೆಗೂ ಮನೆ ಹುಡುಕಿದೆ. ಎಲ್ಲ ಗೇಟಿನಲ್ಲೂ ಅದೇ ಪ್ರಶ್ನೆ. ಅವ್ವ ಫೋನಿನಲ್ಲಿ, "ಊರಿಗೆ ಬಂದ್ಬಿಡ್ರಿ, ಇಲ್ಲಿ ಏನರ ಬೇಯಿಸ್ಕೊಂಡು ತಿನ್ರಿ, ಯಾರ್ ಕೇಳ್ತಾರ?" ಎನ್ನುತ್ತಾಳೆ. ನಿಜ, ಅಲ್ಲಿ ಒಲೆ ನಮ್ಮದು. ಆದರೆ ಅಲ್ಲಿ ವೈದ್ಯರಿಲ್ಲ, ಸೋಮವಾರದ ಉಪವಾಸ ಕಾದಿದೆ. ಎರಡು ಊರಿದ್ದೂ ಅವಳನ್ನು ಕೂರಿಸಿ ಉಣಿಸಲು ಒಂದು ಮನೆಯಿಲ್ಲ.

ಮೊನ್ನೆ ಆಸ್ಪತ್ರೆಗೆ ಹೋಗಿದ್ದೆವು. ಬಾಯ್ಬಿಟ್ಟು ಕೇಳಿದಳು ಎಂಬ ಸುದ್ದಿಯನ್ನು ಡಾಕ್ಟರಿಗೆ ಹೇಳಬೇಕೆಂದಿದ್ದೆ. ಅವರೇ ಮೊದಲು ನಕ್ಕು, "ಏನು ತಿಂತಿದೀಯಮ್ಮ ಈಗ?" ಎಂದರು.

ಗಿರಿಜಾ ನನ್ನ ಮುಖ ನೋಡಿ, ಮನೆ ಕೇಳುವವರ ದನಿಯಲ್ಲಿ ಹೇಳಿದಳು, "ಅನ್ನ, ಸಾರು, ರೊಟ್ಟಿ ರೀ. ಬ್ಯಾರೆ ಏನೂ ಇಲ್ರಿ."