ಹಳೆ ಲ್ಯಾಪ್‌ಟಾಪಿನ ಪರ ರತ್ನಾವತಿಯ ವಕಾಲತ್ತು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚೆನ್ನೈನ ಕಾಸಿಮೇಡು ಮೀನು ಬಂದರಿನಲ್ಲಿ ಮಾತ್ರ ಕಿವಿ ಕಿತ್ತುಹೋಗುವಷ್ಟು ಗದ್ದಲ. ಒಂದು ಕಡೆ ವಂಜರ ಮೀನಿನ ರಾಶಿಯ ಮುಂದೆ ನಿಂತು ಬೆಲೆ ಕೂಗುವವರು, ಇನ್ನೊಂದು ಕಡೆ ಬುಟ್ಟಿ ಹೊತ್ತು ದಾರಿಗೆ ಅಡ್ಡ ಬಂದವರನ್ನೆಲ್ಲ ಬೈಯುತ್ತ ಓಡುವವರು. ಇದರ ನಟ್ಟನಡುವೆ, ಮಗುಚಿಹಾಕಿದ ಪ್ಲಾಸ್ಟಿಕ್ ಕ್ರೇಟಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತ ಹೆಂಗಸೊಬ್ಬರು ಸತ್ತುಹೋದ ಲ್ಯಾಪ್‌ಟಾಪಿನ ಬೆನ್ನು ಬಿಚ್ಚುತ್ತಿದ್ದಾರೆ. ಅಕ್ಕಪಕ್ಕದಲ್ಲಿ ಏನು ನಡೆಯುತ್ತಿದೆ ಎಂಬುದರ ಪರಿವೆಯೇ ಅವರಿಗಿಲ್ಲ.

ಅವರು ರತ್ನಾವತಿ. ಪಕ್ಕದಲ್ಲಿ ಮೊಬೈಲಿನ ಟಾರ್ಚ್ ಹಿಡಿದು ನಿಂತವರು ಮೀನು ಹರಾಜು ಹಾಕುವ ಅಂಜಲೈ. ಲ್ಯಾಪ್‌ಟಾಪ್ ಅಂಜಲೈಯದೇ. ಕಳೆದ ಮಳೆಗಾಲದಲ್ಲಿ ಅದು ಒಂದು ಬಕೆಟ್ ಉಪ್ಪುನೀರು ಕುಡಿದು ಕಣ್ಣು ಮುಚ್ಚಿತ್ತು. ಆಗ ನೋಡಲು ಬಂದಿದ್ದ ರತ್ನಾವತಿ, "ಬೋರ್ಡ್ ಹೋಗಿದೆ, ನನ್ನಿಂದ ಆಗೂದಿಲ್ಲ. ಆದ್ರೆ ಗುಜರಿಗೆ ಕೊಡ್ಬೇಡಿ, ಸತ್ತರೂ ಮನೇಲೇ ಇಡಿ" ಎಂದು ಕಟ್ಟುನಿಟ್ಟಾಗಿ ಹೇಳಿಹೋಗಿದ್ದರು. ಅಂಜಲೈ ಅದನ್ನು ಹಾಗೆಯೇ ಗೋಣಿಯಲ್ಲಿ ಸುತ್ತಿಟ್ಟಿದ್ದಾರೆ.

"ಎಡುತ್ತುಕ್ಕೋ ಅಕ್ಕಾ, ಸೆತ್ತದು ತಾನೇ" ಎನ್ನುತ್ತಾರೆ ಅಂಜಲೈ. ಸತ್ತದ್ದು ತಾನೆ, ಬೇಕಾದ್ದು ತೆಗೆದುಕೋ ಎಂಬ ಧಾರಾಳ.

ರತ್ನಾವತಿಗೆ ಬೇಕಾದ್ದು ಒಂದೇ ಒಂದು ವಸ್ತು. ಅರ್ಧ ಬೆಂಕಿಪೊಟ್ಟಣದಷ್ಟು ಅಗಲದ, ಹಸಿರು ಬಣ್ಣದ ಒಂದು ತುಣುಕು. ಗಾಳಿಯಲ್ಲಿರುವ ಇಂಟರ್‌ನೆಟ್ಟನ್ನು ಹಿಡಿದು ಲ್ಯಾಪ್‌ಟಾಪಿಗೆ ಕೊಡುವ ವೈಫೈ ಕಾರ್ಡು. ಅದಕ್ಕೆ ಅಂಟಿದ ಕರಿ ತಂತಿ, ಬಿಳಿ ತಂತಿ ಎರಡನ್ನೂ ಅವರು ಎಡಗೈ ಹೆಬ್ಬೆರಳಿನ ಉಗುರಿನಿಂದಲೇ ಎಬ್ಬಿಸುತ್ತಾರೆ. ಕಾರ್ಡಿನ ಅಂಚಿನಲ್ಲಿ ಉಪ್ಪು ಹಿಡಿದು ಕಿಲುಬು ಕಟ್ಟಿದೆ. ಟಾರ್ಚಿಗೆ ಅಡ್ಡ ಹಿಡಿದು ನೋಡಿದವರ ಮುಖ ಸಣ್ಣದಾಗುತ್ತದೆ.

"ಜೀವ ಉಂಟೋ ಇಲ್ವೋ ದೇವರಿಗೇ ಗೊತ್ತು. ನೋಡುವ" ಎಂದು ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಎದ್ದೇ ಬಿಡುತ್ತಾರೆ. ಇವತ್ತು ಬೆಳಿಗ್ಗೆ ಒಂಬತ್ತು ಗಂಟೆಯೊಳಗೆ ಈ ತುಣುಕು ತಿರುವಲ್ಲಿಕ್ಕೇಣಿಯ ಒಂದು ಮನೆಯಲ್ಲಿ, ಇನ್ನೊಂದು ಲ್ಯಾಪ್‌ಟಾಪಿನೊಳಗೆ ಕೂತು ಕೆಲಸ ಮಾಡಬೇಕು. ಮಾಡದಿದ್ದರೆ ಆ ಮನೆಯ ಹೆಣ್ಣುಮಗಳ ಉದ್ಯೋಗ ಹೋಗುತ್ತದೆ. ಅದಕ್ಕೆ ಅರ್ಧ ಕಾರಣ ತಾನೇ ಎಂಬುದು ರತ್ನಾವತಿಯ ಎದೆಯಲ್ಲಿ ಮುಳ್ಳಾಗಿ ಕೂತಿದೆ.

ರತ್ನಾವತಿ ಮೂಲ್ಕಿ ಕಡೆಯವರು. ಮದುವೆಯಾಗಿ ಚೆನ್ನೈಗೆ ಬಂದಾಗ ಗಂಡ ಕಾಂತಪ್ಪ ತಿರುವಲ್ಲಿಕ್ಕೇಣಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆ ಮಾಸ್ತರ್. ಈಕೆಯೂ ಅದೇ ಅಡುಗೆಮನೆಯಲ್ಲಿ ತರಕಾರಿ ಹೆಚ್ಚಲು ಸೇರಿದರು. ಈಗ ಕಾಂತಪ್ಪ ಮಣಲಿಯ ಕಾರ್ಖಾನೆಯೊಂದರ ಕ್ಯಾಂಟೀನ್ ನೋಡಿಕೊಳ್ಳುತ್ತಾರೆ. ಈಕೆ ಮಾತ್ರ ಅದೇ ಹೋಟೆಲಿನಲ್ಲಿದ್ದಾರೆ. ಅಡುಗೆಮನೆಯಲ್ಲಲ್ಲ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ. ಅಲ್ಲಿ ಒಂದು ಮೇಜು, ಒಂದು ದೀಪ, ಸ್ಕ್ರೂಗಳನ್ನು ಬೇರೆ ಬೇರೆ ಇಡಲು ಹಳೆಯ ಇಡ್ಲಿ ತಟ್ಟೆ. ದಿನಕ್ಕೆ ನಾಲ್ಕೈದು ಲ್ಯಾಪ್‌ಟಾಪ್ ಈ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗುತ್ತವೆ.

ಇದಕ್ಕೆಲ್ಲ ನಾಂದಿ ಹಾಡಿದ್ದು ಲಾಕ್‌ಡೌನ್. ಹೋಟೆಲಿಗೆ ಬೀಗ ಬಿದ್ದಿತ್ತು. ಮಗಳು ಪ್ರಣಮ್ಯಾಳಿಗೆ ಆನ್‌ಲೈನ್ ಕ್ಲಾಸು. ಮನೆಯಲ್ಲಿದ್ದ ಹಳೆ ಲ್ಯಾಪ್‌ಟಾಪಿನಲ್ಲಿ ಟೀಚರ ಮುಖ ಬಂದರೆ ಮಾತಿಲ್ಲ, ಮಾತು ಬಂದರೆ ಮುಖವಿಲ್ಲ. ಅಂಗಡಿಯವನನ್ನು ಕೇಳಿದರೆ ಒಂದೇ ಉತ್ತರ, ಹೊಸದು ತಗೊಳ್ಳಿ.

"ಆಗ ಸಿಟ್ಟು ಬಂತು ನೋಡಿ" ಎನ್ನುತ್ತಾರೆ ರತ್ನಾವತಿ. "ಕುಕ್ಕರಿನ ಗ್ಯಾಸ್ಕೆಟ್ ಹೋದ್ರೆ ಕುಕ್ಕರ್ ಬಿಸಾಡ್ತೇವಾ? ಗ್ರೈಂಡರಿನ ಬೆಲ್ಟ್ ತುಂಡಾದ್ರೆ ಗ್ರೈಂಡರ್ ಬಿಸಾಡ್ತೇವಾ? ಇದಕ್ಕೆ ಮಾತ್ರ ಎಂತ ದೊಡ್ಡಸ್ತಿಕೆ? ತೆಗ್ದು ನೋಡುವ ಅಂತ ಕೂತೆ."

ಮೊಬೈಲಿನ ವಿಡಿಯೋ ನೋಡಿ ಕಲಿತರು, ಎರಡು ಲ್ಯಾಪ್‌ಟಾಪ್ ಕೆಡಿಸಿ ಕಲಿತರು, ರಿಚಿ ಸ್ಟ್ರೀಟಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಮುಂದೆ ಗಂಟೆಗಟ್ಟಲೆ ನಿಂತು ಬೈಸಿಕೊಂಡೂ ಕಲಿತರು. ಹೋಟೆಲಿನ ಯಜಮಾನ ಸಂತೋಷ್ ಮೆಟ್ಟಿಲ ಕೆಳಗೆ ಜಾಗ ಕೊಟ್ಟಾಗ ಸಪ್ಲೈಯರುಗಳೆಲ್ಲ ಮುಸಿಮುಸಿ ನಕ್ಕಿದ್ದರಂತೆ. ರತ್ನಾವತಿ ಮಾಡಿದ ಮೊದಲ ಕೆಲಸ, ಅಡುಗೆಮನೆಯ ಶಿಸ್ತಿಗೆ ವರ್ಷಗಟ್ಟಲೆ ಕತ್ತರಿಸುತ್ತಿದ್ದ ಹೆಬ್ಬೆರಳಿನ ಉಗುರನ್ನು ಬೆಳೆಯಲು ಬಿಟ್ಟದ್ದು. ಗಿರಾಕಿಗಳು ಇವತ್ತಿಗೂ ಬಂದು, "ಮೆಕ್ಯಾನಿಕ್ ಎಂಗೇ?" ಎಂದು, ಎಲ್ಲಿ ಅವನು ಎಂಬಂತೆ ಸುತ್ತ ನೋಡುತ್ತಾರೆ. "ನಾನ್ ದಾನ್" ಎಂದು ಈಕೆ ಕೈ ಚಾಚುತ್ತಾರೆ. ಕೊಡಲು ಹಿಂದೆಮುಂದೆ ನೋಡುವವರನ್ನು ಕಾಫಿ ಕುಡಿದು ಮನೆಗೆ ಹೋಗಿ ಎಂದು ಸಾಗಹಾಕುತ್ತಾರೆ. ಓಲೈಸುವುದು ಅವರ ಜಾಯಮಾನದಲ್ಲೇ ಇಲ್ಲ.

ಈಗ ಆ ಮುಳ್ಳಿನ ವಿಷಯ. ತಲೆಮಾರುಗಳಿಂದ ತಿರುವಲ್ಲಿಕ್ಕೇಣಿಯಲ್ಲೇ ಇರುವ ಮಾಧ್ವ ಮನೆತನದ ವೃಂದಾ, ಆಸ್ಪತ್ರೆಗಳ ವೈದ್ಯರು ಹೇಳಿದ್ದನ್ನು ಕೇಳಿಸಿಕೊಂಡು ಟೈಪ್ ಮಾಡುವ ಕೆಲಸವನ್ನು ಮನೆಯಿಂದಲೇ ಮಾಡುತ್ತಾರೆ. ತಂದೆ ಬದರಿನಾಥರಿಗೆ ಪಾರ್ಶ್ವವಾಯು. ಅವರನ್ನು ಮಗ್ಗುಲು ಹೊರಳಿಸಲೂ ಮಗಳೇ ಬೇಕು. ಕಂಪನಿ ಹೊಸ ನಿಯಮ ತಂದಿದೆ. ಇಂಟರ್‌ನೆಟ್ ವೇಗ ಇಷ್ಟಿರಬೇಕು, ಇಲ್ಲದವರು ನಗರದ ಆಚೆ ತುದಿಯ ಶೋಲಿಂಗನಲ್ಲೂರಿನ ಆಫೀಸಿಗೆ ಬರಬೇಕು. ವೃಂದಾ ಮನೆಗೆ ಒಳ್ಳೆಯ ಕನೆಕ್ಷನ್ನನ್ನೇ ಹಾಕಿಸಿದ್ದಾರೆ. ಹಳೆ ಲ್ಯಾಪ್‌ಟಾಪಿಗೆ ಮಾತ್ರ ಅದನ್ನು ಪೂರ್ತಿ ಹಿಡಿದುಕೊಳ್ಳುವ ಶಕ್ತಿಯಿಲ್ಲ.

ಯಾಕೆ ಎಂದರೆ ರತ್ನಾವತಿ ಊರಿನ ಲೆಕ್ಕದಲ್ಲೇ ಹೇಳುತ್ತಾರೆ. "ಹಳೇ ಕಾರ್ಡಿಗೆ ಇಲ್ಲಿಯ ಇಕ್ಕಟ್ಟಿನ ಪೈಕ್ರಾಫ್ಟ್ಸ್ ರೋಡ್ ಒಂದೇ ಗೊತ್ತು. ಇಡೀ ಬಿಲ್ಡಿಂಗಿನ ವೈಫೈ ಅಲ್ಲೇ ನುಗ್ತದೆ. ಹೊಸ ಕಾರ್ಡಿಗೆ ಬೀಚ್ ರೋಡೂ ಗೊತ್ತು. ಅಗಲ ಉಂಟು, ಖಾಲಿ ಉಂಟು. ಲ್ಯಾಪ್‌ಟಾಪ್ ಅದೇ, ದಾರಿ ಬೇರೆ. ಅಷ್ಟೇ ವಿಷಯ."

ಗುರುವಾರ ವೃಂದಾ ಲ್ಯಾಪ್‌ಟಾಪ್ ತಂದಾಗ ಸರ್ವಿಸ್ ಸೆಂಟರಿನವರು ಆಗಲೇ ಕೈ ಎತ್ತಿಯಾಗಿತ್ತು. ರತ್ನಾವತಿ ರಿಚಿ ಸ್ಟ್ರೀಟಿನಿಂದ ಹೊಚ್ಚ ಹೊಸ ಕಾರ್ಡು ತಂದು ಕೂರಿಸಿದರು. ಕೂರಿಸಿದ ಉಮೇದಿನಲ್ಲಿ, ಆನ್ ಮಾಡಿ ನೋಡುವ ಮೊದಲೇ ಫೋನ್ ಮಾಡಿ, "ಆಯ್ತು ವೃಂದಮ್ಮ, ಇನ್ನು ನಿಶ್ಚಿಂತೆ" ಎಂದುಬಿಟ್ಟರು. ಆಮೇಲೆ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು. ಈ ಕಾರ್ಡು ನಮ್ಮ ಪಟ್ಟಿಯಲ್ಲಿಲ್ಲ, ತೆಗೆಯಿರಿ. ಅದನ್ನು ತೆಗೆಯುವವರೆಗೆ ಲ್ಯಾಪ್‌ಟಾಪ್ ಜಪ್ಪಯ್ಯ ಎಂದರೂ ಮುಂದೆ ಹೋಗಲಿಲ್ಲ. ಕೆಲವು ಕಂಪನಿಗಳ ಹಳೆ ಲ್ಯಾಪ್‌ಟಾಪುಗಳಿಗೆ ಈ ಬುದ್ಧಿ ಇದೆ. ತಾನು ಒಪ್ಪಿದ ಕಾರ್ಡು ಬಿಟ್ಟು ಬೇರೆ ಯಾವುದನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

"ದುಡ್ಡು ಕೊಟ್ಟು ತಗೊಂಡದ್ದು ವೃಂದಮ್ಮ. ಅದರೊಳಗೆ ಎಂತ ಹಾಕ್ಬೇಕು, ಎಂತ ಹಾಕ್ಬಾರ್ದು ಅಂತ ಹೇಳ್ಲಿಕ್ಕೆ ಅವರು ಯಾರು?" ಎಂದು ರತ್ನಾವತಿ ಈಗಲೂ ಮೇಜು ಗುದ್ದುತ್ತಾರೆ. ಆದರೆ ಗುದ್ದಿದರೆ ಲ್ಯಾಪ್‌ಟಾಪ್ ಕೇಳಬೇಕಲ್ಲ. ಅಷ್ಟರಲ್ಲಿ ವೃಂದಾ ತಮ್ಮ ಆಫೀಸಿಗೆ ಮೆಸೇಜ್ ಕಳಿಸಿಯೂ ಆಗಿತ್ತು.

"ಅಕ್ಕಾ, ಆಫೀಸಲ್ಲಿ ಸೀಟ್ ವೇಂಡಾಂ ಅಂತ ಹೇಳ್ಬಿಟ್ಟೆನೇ. ಸನಿವಾರ ಒಂಬತ್ತಕ್ಕೆ ಟೆಸ್ಟು. ಫೇಲ್ ಆದ್ರೆ ಸೀಟೂ ಇಲ್ಲ, ವೇಲೆಯೂ ಇಲ್ಲ. ಅಪ್ಪಾನ್ನ ಇಟ್ಕೊಂಡು ಎನ್ನ ಮಾಡ್ಲಿ ನಾನು?" ಎಂದರಂತೆ ವೃಂದಾ ಫೋನಿನಲ್ಲಿ. ಆಫೀಸಿನ ಸೀಟು ಬೇಡ ಎಂದು ತಾನೇ ಹೇಳಿಯಾಗಿದೆ, ಇನ್ನು ಫೇಲಾದರೆ ಕೆಲಸವೇ ಇಲ್ಲ.

ಲ್ಯಾಪ್‌ಟಾಪಿನ ಒಳಗಿನ ಪಟ್ಟಿಯನ್ನೇ ತಿದ್ದಿ ಕೊಡುವವರು ರಿಚಿ ಸ್ಟ್ರೀಟಿನಲ್ಲಿದ್ದಾರೆ. ಎಡವಟ್ಟಾದರೆ ಲ್ಯಾಪ್‌ಟಾಪ್ ಮತ್ತೆ ಏಳುವುದಿಲ್ಲ. ಇನ್ನೊಬ್ಬರ ಅನ್ನದ ಮೇಲೆ ಜೂಜಾಡುವುದಿಲ್ಲ ಎಂದು ರತ್ನಾವತಿ ಆ ದಾರಿಯನ್ನು ಬಿಟ್ಟರು. ಲ್ಯಾಪ್‌ಟಾಪಿನ ಕಂಪನಿ ಅದೇ ವರ್ಷ ಇದೇ ಲ್ಯಾಪ್‌ಟಾಪನ್ನು ದುಬಾರಿ ರೂಪದಲ್ಲೂ ಮಾರಿತ್ತು. ಅದರಲ್ಲಿದ್ದದ್ದು ವೇಗದ ಕಾರ್ಡು, ಕಂಪನಿಯದೇ ಚೀಟಿ ಅಂಟಿಸಿದ್ದು. ಅದನ್ನು ಪಟ್ಟಿ ಒಪ್ಪಲೇಬೇಕು. ಶುಕ್ರವಾರವಿಡೀ ಗುಜರಿ ಟ್ರೇಗಳನ್ನೆಲ್ಲ ಜಾಲಾಡಿದರೂ ಅಂಥದ್ದು ಸಿಗಲಿಲ್ಲ. ಕೊನೆಗೆ ನೆನಪಾದದ್ದು ಆ ದುಬಾರಿ ರೂಪದ್ದೇ ಆದ, ಉಪ್ಪುನೀರು ಕುಡಿದ ಅಂಜಲೈಯ ಲ್ಯಾಪ್‌ಟಾಪ್.

ಕಾಸಿಮೇಡಿನಿಂದ ಬಂದವರೇ ರತ್ನಾವತಿ ತಮ್ಮ ಮೇಜಿಗೆ ಕೂತು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಕಾರ್ಡಿನ ಅಂಚನ್ನು ಮೆಲ್ಲಗೆ ಉಜ್ಜುತ್ತಾರೆ. ಸ್ಪಿರಿಟ್ ಹಚ್ಚಿ ಒರೆಸುತ್ತಾರೆ. ಚಿನ್ನದ ಬಣ್ಣದ ಗೀಟುಗಳು ಒಂದೊಂದಾಗಿ ಮೇಲೆ ಬರುತ್ತವೆ. ಸಂತೋಷ್ ಕಳಿಸಿದ ಕಾಫಿ ಅಲ್ಲೇ ಆರಿಹೋಗುತ್ತದೆ.

ವೃಂದಾಳ ಮನೆಯಲ್ಲಿ ಬಾಗಿಲು ತೆರೆಯುತ್ತಿದ್ದಂತೆ ಒಳಗಿನ ಮಂಚದಿಂದ ಬದರಿನಾಥರ ದನಿ. "ಯಾರದು? ಏನೋ ವಾಸನೆ ಬರ್ತಿದೆಯಲ್ಲ?"

ವೃಂದಾ ಕಣ್ಣಲ್ಲೇ ಹೇಳಬೇಡಿ ಎನ್ನುತ್ತಾರೆ. ದೇವರ ಪೆಟ್ಟಿಗೆ ಪಕ್ಕದ ಗೂಡಿನಲ್ಲೇ ಇದೆ. ಒಂದು ಸುಳ್ಳು ಹೇಳಿದರೆ ಮುಗಿಯಿತು. ಆದರೆ ಸುಳ್ಳು ಹೇಳಿ ಒಳಗೆ ಬರುವುದಾದರೆ ಹೊಸಿಲಾಚೆಯೇ ನಿಲ್ಲುತ್ತೇನೆ ಎನ್ನುವ ಜಾತಿಯ ಹೆಂಗಸು ಈಕೆ.

"ಮೀನಿನದ್ದು ಸ್ವಾಮಿ. ಕಾಸಿಮೇಡಿಂದ ಬಂದೆ. ಲ್ಯಾಪ್‌ಟಾಪಿಗೆ ಹಾಕುವ ಕಾರ್ಡೂ ಅಲ್ಲಿಯದ್ದೇ. ಬೇಡ ಅಂದ್ರೆ ಹೇಳಿ, ವಾಪಸ್ ಹೋಗ್ತೇನೆ."

ಒಳಗಿನಿಂದ, ಪಾರ್ಶ್ವವಾಯುವಿಗೆ ತೊದಲುವ ನಾಲಿಗೆಯಲ್ಲಿ, "ಅದಕ್ಕೆ ಸ್ನಾನ ಆಗಿದೆಯೇನಮ್ಮ?"

"ಸ್ಪಿರಿಟಿನಲ್ಲಿ ಮಾಡ್ಸಿದ್ದೇನೆ."

"ಹಾಗಾದ್ರೆ ನನಗಿಂತ ಮಡಿಯಾಗಿದೆ. ಹಾಕು, ಹಾಕು."

ವೃಂದಾ ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ. ರತ್ನಾವತಿ ಊಟದ ಮೇಜಿನ ಮೇಲೆ ಬಟ್ಟೆ ಹಾಸಿ, ಬ್ಯಾಟರಿ ಬಿಡಿಸಿ, ಕಾರ್ಡನ್ನು ಓರೆಯಾಗಿ ತೂರಿಸಿ ಕೂರಿಸುತ್ತಾರೆ. ಸ್ಕ್ರೂ ಬಿಗಿಯುತ್ತಾರೆ. ಕರಿ ತಂತಿ, ಬಿಳಿ ತಂತಿ. ಈ ಸಲ ಆಯ್ತು ಎಂಬ ಮಾತು ಅವರ ಬಾಯಿಂದ ಹೊರಡುವುದಿಲ್ಲ. ಗುಂಡಿ ಒತ್ತಿ ಕೈ ಕಟ್ಟಿ ನಿಲ್ಲುತ್ತಾರೆ. ಪರದೆ ಕಪ್ಪಾಗಿಯೇ ಇದೆ. ಕಂಪನಿಯ ಗುರುತು ಬರುತ್ತದೆ, ಹೋಗುತ್ತದೆ. ಆ ಎರಡು ಸಾಲು ಬರುವುದಿಲ್ಲ. ಲ್ಯಾಪ್‌ಟಾಪ್ ಒಪ್ಪಿಕೊಂಡಿದೆ.

ಆದರೆ ವೃಂದಾ ವೇಗ ಅಳೆದು ನೋಡಿದರೆ ಪರದೆಯ ಮೇಲಿನ ಮುಳ್ಳು ಅರ್ಧಕ್ಕೇ ಕೂತಿದೆ. ಆಫೀಸಿನವರು ಕೇಳಿದಷ್ಟಿಲ್ಲ. ಇನ್ನೊಮ್ಮೆ ಅಳೆದರೂ ಅಷ್ಟೇ. ಗಡಿಯಾರ ಒಂಬತ್ತರ ಹತ್ತಿರ ಬಂದಿದೆ. "ಪರವಾಯಿಲ್ಲೆ ಅಕ್ಕಾ, ನೀವು ಆದಷ್ಟು ಮಾಡಿದಿರಿ" ಎಂದು ವೃಂದಾ ಕುರ್ಚಿಗೆ ಒರಗುತ್ತಾರೆ.

"ಎಂತ ಪರವಾಗಿಲ್ಲ? ನನಗೆ ಪರವಾಗ್ತದೆ!" ಎಂದು ರತ್ನಾವತಿ ಗದರಿ, ಲ್ಯಾಪ್‌ಟಾಪನ್ನು ಆರಿಸಿ ಮತ್ತೆ ಬೋರಲು ಹಾಕುತ್ತಾರೆ. ಅವಸರದಲ್ಲಿ ಸ್ಕ್ರೂ ಒಂದು ಉರುಳಿ ಎಲ್ಲೋ ಹೋಗುತ್ತದೆ, ಹೋಗಲಿ. ಬಿಳಿ ತಂತಿಯ ತುದಿಯ ಮೇಲೆ ಉಗುರಿಟ್ಟು ಅಲ್ಲಾಡಿಸಿದರೆ ಅದು ಸಡಿಲ. ಕಾರ್ಡಿನಲ್ಲಿ ತಂತಿ ಕೂರುವ ಗುಂಡಿಯೊಳಗೆ ಉಪ್ಪಿನ ಕಣವೊಂದು ಉಳಿದಿದೆ. ಸೆರಗಿನ ತುದಿಯ ನೂಲನ್ನು ಹೊಸೆದು, ಸ್ಪಿರಿಟಿನಲ್ಲಿ ಅದ್ದಿ, ಕಣ ತೆಗೆದು, ತಂತಿಯನ್ನು ಒತ್ತುತ್ತಾರೆ. ಟಿಕ್ ಎಂಬ ಸದ್ದು ವೃಂದಾಳಿಗೂ ಕೇಳುತ್ತದೆ.

ಒಂಬತ್ತಕ್ಕೆ ಆಫೀಸಿನ ಪರೀಕ್ಷೆಯ ಪುಟ ತೆರೆದುಕೊಳ್ಳುತ್ತದೆ. ಮುಳ್ಳು ಅರ್ಧ ದಾಟುತ್ತದೆ, ಕೇಳಿದ ಗೆರೆ ದಾಟುತ್ತದೆ, ಇನ್ನೂ ಆಚೆ ಹೋಗಿ ನಿಲ್ಲುತ್ತದೆ. ವೃಂದಾ ರತ್ನಾವತಿಯ ಎರಡೂ ಕೈ ಹಿಡಿದುಕೊಳ್ಳುತ್ತಾರೆ, ಮೀನಿನ ವಾಸನೆ ಸಮೇತ. ಒಳಗಿನಿಂದ ಬದರಿನಾಥರು, "ಏನಾಯ್ತು, ಯಾರಾದ್ರೂ ಹೇಳ್ರೇ" ಎಂದು ಕೂಗುತ್ತಾರೆ.

ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಎಂಬ ಸಂದೇಶ ಬರುವ ಹೊತ್ತಿಗೆ ರತ್ನಾವತಿ ಮೇಜಿನ ಕೆಳಗೆ ಬಗ್ಗಿ ಕಳೆದ ಸ್ಕ್ರೂ ಹುಡುಕುತ್ತಿದ್ದಾರೆ. ವೃಂದಾ ಓದುತ್ತ ಓದುತ್ತ ಕೊನೆಯ ಸಾಲಿನಲ್ಲಿ ತಡವರಿಸುತ್ತಾರೆ. ಒಪ್ಪಿಗೆ ಆರು ತಿಂಗಳಿಗೆ ಮಾತ್ರ. ಆಮೇಲೆ ಮತ್ತೆ ಪರೀಕ್ಷೆ, ವೇಗದ ಗೆರೆ ಇನ್ನೂ ಮೇಲೆ. ಹಳೆಯ ಲ್ಯಾಪ್‌ಟಾಪ್ ಇರುವವರು ಹೊಸದು ಕೊಳ್ಳುವುದು ಒಳ್ಳೆಯದು ಎಂಬ ಸಲಹೆ ಬೇರೆ.

"ಅಕ್ಕಾ, ಇನ್ನು ಆರು ತಿಂಗಳಿಗೆ ತಿರುಗಾ..."

ರತ್ನಾವತಿ ಸ್ಕ್ರೂ ಸಿಕ್ಕ ಕೈಯನ್ನು ನೆಲಕ್ಕೂರಿ ಏಳುತ್ತಾರೆ. ಅದನ್ನು ಲ್ಯಾಪ್‌ಟಾಪಿನ ಬೆನ್ನಿಗೆ ಹಾಕಿ, ಬೇಕಾದ್ದಕ್ಕಿಂತ ಒಂದು ಸುತ್ತು ಜಾಸ್ತಿಯೇ ಬಿಗಿಯುತ್ತಾರೆ.

"ಕೇಳ್ಲಿ ವೃಂದಮ್ಮ. ಅವರು ಎಷ್ಟು ಸಲ ಕೇಳ್ತಾರೋ ನಾನು ಅಷ್ಟು ಸಲ ಬಿಚ್ತೇನೆ. ಯಾರಿಗೆ ಮೊದ್ಲು ಸಾಕಾಗ್ತದೆ ನೋಡುವ."